ಕೃಷ್ಣೆಯ ಹಿನ್ನೀರಿಗೆ ಇಳಿಯುವ ಮುನ್ನ: ಹರಿಗೋಲು, ಬಲೆ, ಬುತ್ತಿಯ ಪೂರ್ತಿ ತಯಾರಿ

ದಂಡೆ ಬಿಡುವಾಗ ಹರಿಗೋಲು ಹಗುರವಾಗಿರುತ್ತದೆ. ಬಲೆ ಒಣಗಿರುತ್ತದೆ, ಗಾಳಿ ಮಲಗಿರುತ್ತದೆ, ರಟ್ಟೆಯಲ್ಲಿ ಕಸುವಿರುತ್ತದೆ. ತಿರುಗಿ ಬರುವಾಗ ಎಲ್ಲವೂ ಉಲ್ಟಾ. ಬಲೆ ನೀರು ಕುಡಿದು ಭಾರವಾಗಿದೆ, ಅದರ ಮೇಲೆ ಮೀನು, ತಳದಲ್ಲಿ ಸೋರಿದ ನೀರು, ಎದುರಿಗೆ ಬಿಸಿಲೇರಿದ ಮೇಲೆ ಎದ್ದ ಗಾಳಿ, ಕೈಯೋ ಸೋತಿದೆ. ಆದ್ದರಿಂದ ತಯಾರಿಯ ಲೆಕ್ಕವನ್ನೆಲ್ಲ ಹೋಗುವ ಹೊತ್ತಿಗಲ್ಲ, ಬರುವ ಹೊತ್ತಿಗೆ ಹಾಕಬೇಕು. ಕೆಳಗಿನದೆಲ್ಲ ಆಲಮಟ್ಟಿಯ ಹಿನ್ನೀರನ್ನು, ಅಂದರೆ ಕೊಲ್ಹಾರ, ಬೀಳಗಿ, ಬಾಗಲಕೋಟೆ ಸುತ್ತಲಿನ ನೀರನ್ನು ಮುಂದಿಟ್ಟುಕೊಂಡು ಬರೆದದ್ದು. ಇಬ್ಬರು ಬೆಳಗಿನ ಜಾವ ಹೋಗಿ ಮಧ್ಯಾಹ್ನದೊಳಗೆ ಬರುವ ಪಯಣ ಎಂದು ಹಿಡಿಯೋಣ. ಹಿಡಕಲ್ ಅಥವಾ ನವಿಲುತೀರ್ಥದ ಜಲಾಶಯಕ್ಕೂ ಹೆಚ್ಚಿನದೆಲ್ಲ ಹೊಂದುತ್ತದೆ. ಜಲಾಶಯದಲ್ಲಿ ಬಲೆ ಬಿಡಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಅದರ ಜೆರಾಕ್ಸ್ ಪ್ರತಿ ಜೊತೆಗಿರಲಿ.

ಮೊದಲು ನೀರು, ಆಮೇಲೆ ಹರಿಗೋಲು

ಆಲಮಟ್ಟಿ ಪೂರ್ತಿ ತುಂಬಿದಾಗ ನೀರಿನ ಮಟ್ಟ 519.60 ಮೀಟರ್, ಸಂಗ್ರಹ 123 ಟಿಎಂಸಿ. ಮಳೆಗಾಲದಲ್ಲಿ ಏರುತ್ತದೆ, ಬೇಸಿಗೆಯ ಹೊತ್ತಿಗೆ ಮೀಟರುಗಟ್ಟಲೆ ಇಳಿಯುತ್ತದೆ. ಈ ಏರಿಳಿತವೇ ಹಿನ್ನೀರಿನ ಸ್ವಭಾವ. ಇದನ್ನು ತಿಳಿಯದವರು ಪ್ರತಿ ತಿಂಗಳೂ ಹೊಸ ಹೊಳೆಗೆ ಇಳಿದ ಹಾಗೆ.

ನೀರು ಇಳಿದಾಗಿನ ಅಪಾಯ ಕೆಳಗಿದೆ. ಮುಳುಗಡೆಯಾದ ಊರಿನ ಗೋಡೆ, ಬಾವಿಯ ಕಟ್ಟೆ, ಜಾಲಿಯ ಬೊಡ್ಡೆ, ಹಳೆಯ ಕಂಬ, ಎಲ್ಲವೂ ನೀರಿಗೆ ಒಂದು ಗೇಣು ಕೆಳಗೆ ಬಂದು ಕೂತಿರುತ್ತವೆ. ಬಾಗಲಕೋಟೆಯ ಹಳೇ ಊರಿನ ಕಡೆ, ಘಟಪ್ರಭೆಯ ಹಿನ್ನೀರಿನಲ್ಲಿ, ಇದನ್ನು ಮರೆಯಬಾರದು. ಪೂರ್ತಿ ಮುಳುಗಿದ್ದು ಅಪಾಯವಲ್ಲ, ಪೂರ್ತಿ ಕಾಣುವುದೂ ಅಲ್ಲ. ಅರ್ಧ ಅಡಗಿದ್ದೇ ತಳ ಸೀಳುವುದು. ಮುಂದೆ ಕೂತವರು ಗಳವನ್ನು ಎದುರಿನ ನೀರಿಗೆ ಇಳಿಬಿಟ್ಟು ನೋಡುತ್ತ ಹೋಗಬೇಕು. ಇನ್ನೊಂದು ವಿಷಯ: ದಂಡೆಯ ಕಬ್ಬಿನ ಗದ್ದೆಗಳಿಗೆ ನೀರೆತ್ತುವ ಮೋಟರುಗಳ ಕೇಬಲ್ಲು ನೀರಿನಲ್ಲೇ ಮಲಗಿರುತ್ತದೆ. ಸಿಪ್ಪೆ ಸುಲಿದ ಕೇಬಲ್ಲು ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಪಂಪಿನ ಪೈಪು ಕಂಡ ಕಡೆ ಬಲೆ ಬಿಡಬೇಡಿ, ನೀರಿಗೆ ಇಳಿಯಲೂ ಬೇಡಿ.

ನೀರು ಏರಿದಾಗಿನ ಅಪಾಯ ಮೇಲಿದೆ. ಹೊಲದ ಮೇಲೆ ಹಾದ ಕರೆಂಟಿನ ತಂತಿ ಬೇಸಿಗೆಯಲ್ಲಿ ತಲೆಯಿಂದ ಎಷ್ಟೋ ಎತ್ತರ. ತುಂಬಿದ ಹಿನ್ನೀರಿನಲ್ಲಿ ಅದೇ ತಂತಿಗೆ ನಿಮ್ಮ ಗಳ ಮುಟ್ಟಬಹುದು. ಹಸಿ ಬಿದಿರು ಕರೆಂಟು ಹರಿಸುತ್ತದೆ. ತಂತಿಯ ಕೆಳಗೆ ಹಾಯಲೇಬೇಕಾದರೆ ಗಳವನ್ನು ಅಡ್ಡ ಮಲಗಿಸಿ, ಕೂತು ಹುಟ್ಟು ಹಾಕಿ.

ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದು ಕೊಯ್ನಾದಿಂದ ನೀರು ಬಿಟ್ಟರೆ ಕೃಷ್ಣೆ ಚಿಕ್ಕೋಡಿ, ಅಥಣಿ ಕಡೆ ಮೊದಲು ಉಬ್ಬಿ, ಆಮೇಲೆ ಹಿಪ್ಪರಗಿ ದಾಟಿ ಕೆಳಗೆ ಬರುತ್ತದೆ. ನಮ್ಮಲ್ಲಿ ಆಕಾಶ ತಿಳಿಯಾಗಿದ್ದರೂ ಹೊಳೆ ಏರುವುದು ಇದರಿಂದಲೇ. ಹಿಂದಿನ ಸಂಜೆ ದಂಡೆಯ ನೀರಂಚಿಗೆ ಒಂದು ಕೋಲು ನೆಟ್ಟು ಗುರುತು ಮಾಡಿ, ಬೆಳಿಗ್ಗೆ ನೋಡಿ. ರಾತ್ರಿ ಬೆಳಗಾಗುವುದರಲ್ಲಿ ನೀರು ಕೋಲಿನ ಮೇಲೆ ಗೇಣುದ್ದ ಹತ್ತಿದ್ದರೆ, ಅಥವಾ ನೀರು ಕೆಂಪಾಗಿ ಕಸಕಡ್ಡಿ ತೇಲಿ ಬರುತ್ತಿದ್ದರೆ ಆ ದಿನ ಬೇಡ. ಅಣೆಕಟ್ಟಿನ ಕೆಳಗಿನ ಪಾತ್ರದಲ್ಲಿ ಮೀನು ಹಿಡಿಯುವವರಿಗೆ ಈ ಗುರುತಿನಿಂದ ಉಪಯೋಗವಿಲ್ಲ. ಅಲ್ಲಿ ಗೇಟು ಎತ್ತಿದ ಮೇಲೆ ನಡುಗಡ್ಡೆಯ ಬಂಡೆಯಿಂದ ದಂಡೆಗೆ ಬರಲು ಸಮಯವೇ ಉಳಿಯದಿರಬಹುದು. ಊರಲ್ಲಿ ಡಂಗುರ ಸಾರಿದ್ದರೆ, ಸೈರನ್ ಕೇಳಿದರೆ, ಬಲೆ ಬಿಟ್ಟು ಮೊದಲು ಮೇಲೆ ಬನ್ನಿ.

ಗಾಳಿಯ ಮಾತು. ಆಲಮಟ್ಟಿ ಅಣೆಕಟ್ಟಿನಿಂದ ಮೇಲಕ್ಕೆ ಹಿನ್ನೀರು ಬಯಲಿನ ಹಾಗೆ ಹರಡಿದೆ, ಗಾಳಿಗೆ ಓಡಲು ಜಾಗ ಸಿಕ್ಕಷ್ಟೂ ಅಲೆ ಬೆಳೆಯುತ್ತದೆ. ಅಲೆಯ ತಲೆ ಒಡೆದು ಅಲ್ಲಲ್ಲಿ ಬಿಳಿ ನೊರೆ ಕಂಡಿತೆಂದರೆ ಗಾಳಿ ಗಂಟೆಗೆ 15 ಕಿಲೋಮೀಟರಿನ ಆಸುಪಾಸು ಮುಟ್ಟಿದೆ; ಹರಿಗೋಲಿಗೆ ಅಷ್ಟೇ ಮಿತಿ. ಗುಂಡಗಿನ ಹರಿಗೋಲಿಗೆ ಮೂತಿಯಿಲ್ಲ, ಅಲೆ ಸೀಳುವುದಿಲ್ಲ, ಎದುರುಗಾಳಿಗೆ ಎಷ್ಟು ಹುಟ್ಟು ಹಾಕಿದರೂ ನಿಂತಲ್ಲೇ ಸುತ್ತುತ್ತದೆ. ಹಾಗಾಗಿ ಜಾಗ ಆರಿಸುವಾಗಲೇ ಜಾಣತನ ಬೇಕು: ಬೆಳಿಗ್ಗೆ ಗಾಳಿ ಇಲ್ಲದಾಗ ಗಾಳಿ ಬರುವ ದಿಕ್ಕಿಗೆ ಹೋಗಿ ಬಲೆ ಬಿಡಿ. ಮುಂಗಾರಿನಲ್ಲಿ ಅದು ಪಡುವಣ. ಹೊತ್ತೇರಿದ ಮೇಲೆ ಅದೇ ಗಾಳಿ ನಿಮ್ಮನ್ನು ದಂಡೆಗೆ ತಳ್ಳಿಕೊಂಡು ಬರುತ್ತದೆ.

ಏಪ್ರಿಲ್, ಮೇ ತಿಂಗಳ ಅಡ್ಡಮಳೆಗೆ ಈ ಲೆಕ್ಕ ನಡೆಯುವುದಿಲ್ಲ. ಮಧ್ಯಾಹ್ನದ ಮೇಲೆ ಮೋಡ ಕಪ್ಪಾಗಿ, ಸುಡುವ ಸೆಕೆಯ ನಡುವೆ ದಿಢೀರನೆ ತಣ್ಣನೆಯ ಗಾಳಿ ಬೀಸಿತೆಂದರೆ ಬಿರುಗಾಳಿ ಬಾಗಿಲಲ್ಲಿದೆ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. 30 ಎಣಿಸುವುದರೊಳಗೆ ಗುಡುಗು ಬಂದರೆ ಸಿಡಿಲು 10 ಕಿಲೋಮೀಟರಿನೊಳಗಿದೆ, ನೀರಿನ ಮೇಲೆ ಇರಬಾರದು. ಬಯಲು ನೀರಿನಲ್ಲಿ ಅತಿ ಎತ್ತರದ ವಸ್ತು ನೀವೇ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಮೊಬೈಲಿನಲ್ಲಿ ಇರಲಿ. ‘ವರುಣ ಮಿತ್ರ’ ಸಹಾಯವಾಣಿಗೆ ಹಿಂದಿನ ರಾತ್ರಿ ಕೇಳಿದರೂ ಆಯಿತು. ಡಿಸೆಂಬರ್, ಜನವರಿಯಲ್ಲಿ ಮಂಜು ಕವಿದಿದ್ದರೆ ದಂಡೆಯ ಗುರುತು ಕಾಣುವವರೆಗೆ ಚಹಾ ಕುಡಿಯುತ್ತ ಕೂತಿರಿ.

ತಳದ ಪರೀಕ್ಷೆ

ಹಿಂದಿನ ದಿನವೇ ಇದನ್ನು ಮುಗಿಸಿ. ಹರಿಗೋಲನ್ನು ಬೋರಲು ಹಾಕಿ ತಳವನ್ನು ತೊಳೆದು ಒಣಗಿಸಿ. ಬಿದಿರಿನ ಹರಿಗೋಲಾದರೆ ಬೆರಳಿನ ಗೆಣ್ಣಿನಿಂದ ತಟ್ಟುತ್ತ ಬನ್ನಿ: ಗಟ್ಟಿ ಬಿದಿರು ಟಣ್ ಎನ್ನುತ್ತದೆ, ಹುಳ ತಿಂದದ್ದು ಬೊದ್ ಎನ್ನುತ್ತದೆ. ಬಾಯಿಯ ಅಂಚಿಗೆ ಸುತ್ತಿದ ಬಿದಿರಿನ ಬಳೆ ಸಡಿಲಾಗಿದ್ದರೆ ಮಿಕ್ಕ ರಿಪೇರಿಯೆಲ್ಲ ದಂಡ, ಇಡೀ ಬುಟ್ಟಿಯ ಬಿಗಿ ನಿಂತಿರುವುದೇ ಅದರ ಮೇಲೆ.

ಸೋರುವ ಜಾಗ ಹುಡುಕಲು ಹರಿಗೋಲನ್ನು ಮೊಣಕಾಲುದ್ದ ನೀರಿನಲ್ಲಿ ಬಿಟ್ಟು, ಒಳಗೆ ಒಲೆಯ ಒಣ ಬೂದಿಯನ್ನು ತೆಳ್ಳಗೆ ಉದುರಿಸಿ. ನಡುವೆ ಎರಡು ಕಲ್ಲು ಹೇರಿ, ಒಂದು ತಾಸು ಬಿಡಿ. ನೀರು ಎಲ್ಲಿಂದ ಬರುತ್ತದೋ ಅಲ್ಲಿ ಬೂದಿ ಮೊದಲು ಕಪ್ಪಾಗುತ್ತದೆ. ಕಣ್ಣಿಗೆ ಕಾಣದ ಸೂಜಿಮೊನೆಯ ತೂತೂ ಹೀಗೆ ಸಿಕ್ಕಿಬೀಳುತ್ತದೆ. ನೀರು ಪೂರ್ತಿ ಹರಡಿದ ಮೇಲೆ ನೋಡಿದರೆ ಏನೂ ತಿಳಿಯುವುದಿಲ್ಲ. ಮೊದಲ ಹತ್ತು ನಿಮಿಷ ಅಲ್ಲೇ ನಿಂತು ನೋಡಿ.

ಡಾಂಬರು ಬಳಿಯುವುದಿದ್ದರೆ ಜಾಗ ಪೂರ್ತಿ ಒಣಗಿರಬೇಕು, ಹಸಿಯ ಮೇಲೆ ಹಚ್ಚಿದ್ದು ಎರಡು ದಿನಕ್ಕೆ ಹಪ್ಪಳದ ಹಾಗೆ ಏಳುತ್ತದೆ. ಸಣ್ಣ ಉರಿಯಲ್ಲಿ ಕರಗಿಸಿ. ಹೊಗೆ ಏಳುವಷ್ಟು ಕಾದ ಡಾಂಬರು ಹೊದಿಕೆಯ ಪ್ಲಾಸ್ಟಿಕ್ ಚೀಲವನ್ನೇ ಸುರುಟಿಸಿಬಿಡುತ್ತದೆ. ಬೆಂಕಿ ಹತ್ತಿದರೆ ನೀರು ಸುರಿಯಬೇಡಿ, ತಗಡು ಮುಚ್ಚಿ. ಮೈಮೇಲೆ ಬಿದ್ದರೆ 20 ನಿಮಿಷ ತಣ್ಣೀರು ಬಿಡಿ. ಅಂಟಿದ ಡಾಂಬರನ್ನು ಕೀಳಬೇಡಿ, ಚರ್ಮವೂ ಬರುತ್ತದೆ. ಆಸ್ಪತ್ರೆಯಲ್ಲಿ ತೆಗೆಯುತ್ತಾರೆ.

ಫೈಬರಿನ ಹರಿಗೋಲಿಗೆ ಬೇರೆ ಮದ್ದು. ಬಿರುಕಿನ ಸುತ್ತ ನಾಲ್ಕು ಬೆರಳು ಅಗಲ 80 ನಂಬರಿನ ಉಜ್ಜುಕಾಗದದಿಂದ ಹೊಳಪು ಹೋಗುವವರೆಗೆ ತಿಕ್ಕಿ, ಅಸಿಟೋನಿನಿಂದ ಒರೆಸಿ. ಫೈಬರ್ ಮ್ಯಾಟಿನ ಎರಡು ತುಂಡು ಕತ್ತರಿಸಿ, ಎರಡನೆಯದು ಮೊದಲಿನದಕ್ಕಿಂತ ಸುತ್ತಲೂ ಎರಡು ಬೆರಳು ದೊಡ್ಡದಿರಲಿ. ಒಂದು ಕಿಲೋ ರೆಸಿನ್‌ಗೆ ಹಾರ್ಡನರ್ ಸುಮಾರು 10ರಿಂದ 20 ಮಿಲಿ. ನಮ್ಮ ಬೇಸಿಗೆಯಲ್ಲಿ ಕಡಿಮೆ ಕಡೆಗೇ ಇರಿ, ಇಲ್ಲದಿದ್ದರೆ ಬ್ರಷ್ ಡಬ್ಬಿಯಲ್ಲೇ ಕಲ್ಲಾಗುತ್ತದೆ. ಬೆಳಗಿನ ತಂಪಿನಲ್ಲಿ, ಅರ್ಧ ಕಿಲೋಗಿಂತ ಹೆಚ್ಚು ಒಮ್ಮೆಗೆ ಕಲಸದೆ ಮಾಡಿ. ಅಂಗಡಿಯವರು ಕೋಬಾಲ್ಟನ್ನು, ಅಂದರೆ ರೆಸಿನ್ ಬೇಗ ಗಟ್ಟಿಯಾಗಲು ಬೆರೆಸುವ ದ್ರವವನ್ನು, ಬೇರೆ ಶೀಶೆಯಲ್ಲಿ ಕೊಟ್ಟಿದ್ದರೆ ಎಚ್ಚರ: ಮೊದಲು ಅದನ್ನು ರೆಸಿನ್‌ನಲ್ಲಿ ಚೆನ್ನಾಗಿ ಬೆರೆಸಿ, ಆಮೇಲೆ ಹಾರ್ಡನರ್ ಹಾಕಬೇಕು. ಕೋಬಾಲ್ಟ್ ಮತ್ತು ಹಾರ್ಡನರ್ ನೇರವಾಗಿ ಒಂದಕ್ಕೊಂದು ಕೂಡಿದರೆ ಸಿಡಿಯುತ್ತದೆ.

ಭಾರದ ಗೆರೆ

ಈ ಬರಹದಲ್ಲಿ ಒಂದನ್ನೇ ಮಾಡುವುದಿದ್ದರೆ ಇದನ್ನು ಮಾಡಿ. ‘ನಾಲ್ಕು ಮಂದಿ ಹಿಡಿಸುತ್ತದೆ’ ಎಂಬುದು ಲೆಕ್ಕವಲ್ಲ.

20 ಲೀಟರಿನ ಕುಡಿಯುವ ನೀರಿನ ಕ್ಯಾನುಗಳನ್ನು ಹತ್ತಿಪ್ಪತ್ತು ತಂದುಕೊಳ್ಳಿ. ಹೊಳೆಯ ನೀರು ತುಂಬಿದ ಒಂದು ಕ್ಯಾನು 20 ಕಿಲೋ, ತಕ್ಕಡಿ ಬೇಡ. ಹರಿಗೋಲನ್ನು ಸೊಂಟದುದ್ದ ನೀರಿನಲ್ಲಿ ನಿಲ್ಲಿಸಿ, ಕ್ಯಾನುಗಳನ್ನು ತಳದ ಸುತ್ತ ಸಮನಾಗಿ ಇಡುತ್ತ ಬನ್ನಿ. ಬಾಯಿಯ ಅಂಚಿನಿಂದ ನೀರಿನವರೆಗೆ ಒಂದು ಗೇಣು ನಾಲ್ಕು ಬೆರಳು, ಅಂದರೆ ಸುಮಾರು 30 ಸೆಂಟಿಮೀಟರ್ ಉಳಿದಾಗ ನಿಲ್ಲಿಸಿ. ಆ ನೀರಿನ ಮಟ್ಟಕ್ಕೆ ಹೊರಗಡೆ ಸುತ್ತಲೂ ಹಳದಿ ಬಣ್ಣದಲ್ಲಿ ಗೆರೆ ಎಳೆಯಿರಿ. ಕ್ಯಾನು ಎಣಿಸಿ 20ರಿಂದ ಗುಣಿಸಿ.

15 ಕ್ಯಾನು ಹಿಡಿಯಿತು ಎನ್ನಿ, 300 ಕಿಲೋ. ಈಗ ಮರಳಿ ಬರುವಾಗಿನ ಭಾರ ಕೂಡಿಸಿ. ಇಬ್ಬರು ಆಳು 130. ಒಣಗಿದಾಗ 15 ಕಿಲೋ ಇದ್ದ ಬಲೆಗೆ ನೀರು, ಕೆಸರು, ಪಾಚಿ ಸೇರಿ 25 ಎಂದು ಹಿಡಿಯಿರಿ. ಐಸು ಮತ್ತು ಪೆಟ್ಟಿಗೆ 35. ಲಂಗರು, ಹಗ್ಗ, ಹುಟ್ಟು, ಸಾಮಾನು 20. ಸೋರಿದ, ಸಿಡಿದ ನೀರಿಗೆ 20. ಒಟ್ಟು 230. ಮೀನಿಗೆ ಉಳಿದದ್ದು 70 ಕಿಲೋ. ಬಲೆಗೆ ಅದಕ್ಕಿಂತ ಹೆಚ್ಚು ಬಿದ್ದರೆ ಎರಡು ಸಲ ಬನ್ನಿ, ಇಲ್ಲವೇ ಸಣ್ಣದನ್ನು ನೀರಿಗೆ ಬಿಡಿ. ಹಳದಿ ಗೆರೆ ಮುಳುಗಿತೆಂದರೆ ಮಾತು ಮುಗಿಯಿತು.

ತಳದ ನೀರನ್ನು ಜನ ಲಘುವಾಗಿ ನೋಡುತ್ತಾರೆ. ಎರಡು ಮೀಟರ್ ಅಗಲದ ತಳದ ಮೇಲೆ ಕಾಲ್ಬೆರಳು ಮುಳುಗುವಷ್ಟು, ಎರಡೇ ಸೆಂಟಿಮೀಟರ್ ನೀರು ನಿಂತರೆ ಅದು 60 ಲೀಟರಿಗೂ ಹೆಚ್ಚು. ಮೂರನೆಯ ಆಳು ಹತ್ತಿದ ಹಾಗೆ. ಅದೂ ಕೂತಲ್ಲಿ ಕೂರದ ಆಳು: ಹರಿಗೋಲು ಎಡಕ್ಕೆ ವಾಲಿದರೆ ಅಷ್ಟೂ ನೀರು ಎಡಕ್ಕೇ ಓಡಿ ಇನ್ನಷ್ಟು ವಾಲಿಸುತ್ತದೆ. ಐದು ಲೀಟರಿನ ಎಣ್ಣೆ ಕ್ಯಾನನ್ನು ಹಿಡಿಕೆ ಉಳಿಯುವಂತೆ ಓರೆಯಾಗಿ ಕತ್ತರಿಸಿದರೆ ನೀರು ಮೊಗೆಯಲು ಅದಕ್ಕಿಂತ ಒಳ್ಳೆಯದು ಬೇರಿಲ್ಲ. ಒಂದು ಮೊಳ ದಾರದಿಂದ ಹರಿಗೋಲಿಗೆ ಕಟ್ಟಿಡಿ, ಬೇಕಾದ ಹೊತ್ತಿಗೆ ತೇಲಿ ಹೋಗಿರಬಾರದು.

ಹಗ್ಗ, ಲಂಗರು, ಹುಟ್ಟು

ಹುಟ್ಟು ಎರಡು ಬಳಸುವುದಾದರೆ ಮೂರು ಒಯ್ಯಿರಿ. ಲಂಗರಿನ ಹಗ್ಗ ಆಳದ ಮೂರರಿಂದ ಐದು ಪಟ್ಟು ಇರಬೇಕು. 10 ಮೀಟರ್ ಆಳಕ್ಕೆ 30ರಿಂದ 50 ಮೀಟರ್. ಹಗ್ಗ ಗಿಡ್ಡವಾದರೆ ಅಲೆ ಎತ್ತಿದಾಗ ಅಂಚನ್ನು ಕೆಳಗೆ ಜಗ್ಗಿ ನೀರು ತುಂಬಿಸುತ್ತದೆ. ಮುಳ್ಳಿನ ಕಬ್ಬಿಣದ ಲಂಗರು ಮುಳುಗಿದ ಜಾಲಿಗೆ ಸಿಕ್ಕಿದರೆ ಬರುವುದಿಲ್ಲ. ಇಲ್ಲಿಗೆ ಮರಳು ತುಂಬಿದ ಗಟ್ಟಿ ಚೀಲವೇ ಸರಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಸುರುಳಿಯೊಳಗೆ ಕಾಲಿಡಬಾರದು. ಕೈಗೆ ಸಿಗುವಲ್ಲಿ ಹರಿತವಾದ ಚೂರಿ ಕಟ್ಟಿರಲಿ.

ಇನ್ನೊಂದು 15 ಮೀಟರ್ ತೇಲುವ ಹಗ್ಗವನ್ನು ಐದು ಲೀಟರಿನ ಖಾಲಿ ಕ್ಯಾನಿಗೆ ಕಟ್ಟಿ. ಕ್ಯಾನಿನೊಳಗೆ ಅರ್ಧ ಲೀಟರ್ ನೀರು ಹಾಕಿ ಬಿರಡೆ ಬಿಗಿದರೆ ಎಸೆದಲ್ಲಿಗೆ ಹೋಗುತ್ತದೆ. ಪೂರ್ತಿ ಖಾಲಿಯಿದ್ದರೆ ಗಾಳಿ ಹೊತ್ತೊಯ್ಯುತ್ತದೆ. ನೀರಿಗೆ ಬಿದ್ದವರ ಹಿಂದೆ ಹಾರುವುದಕ್ಕಿಂತ ಇದನ್ನು ಎಸೆಯುವುದು ಮೇಲು.

ಎಂಜಿನ್ ದೋಣಿಯವರಿಗೆ ಇಷ್ಟೇ: ಪೆಟ್ರೋಲಿನ ಮೂರನೆಯ ಒಂದು ಪಾಲು ಹೋಗಲು, ಒಂದು ಬರಲು, ಒಂದು ಮುಟ್ಟದೆ ಇಡಲು. ಒಂದು ಸ್ಪಾರ್ಕ್ ಪ್ಲಗ್ಗು, ಅದರ ಪಾನಾ, ಮತ್ತು ಹುಟ್ಟು ತಪ್ಪದೆ ಇರಲಿ.

ಮೈಮೇಲಿನದು

ಲೈಫ್ ಜಾಕೆಟ್ಟು ಕೂರುವ ಗಾದಿಯಲ್ಲ, ತಲೆದಿಂಬೂ ಅಲ್ಲ. ‘ಈಜು ಬರುತ್ತದೆ’ ಎನ್ನುವವರಿಗೇ ಇದು ಹೆಚ್ಚು ಬೇಕು; ಬಲೆಯಲ್ಲಿ ಕಾಲು ಸಿಕ್ಕವರಿಗೆ ಈಜು ಕೆಲಸಕ್ಕೆ ಬರುವುದಿಲ್ಲ. ಕೊಳ್ಳುವಾಗ 100 ನ್ಯೂಟನ್ ಎಂದು ಬರೆದಿದೆಯೇ ನೋಡಿ, ಸುಮಾರು 10 ಕಿಲೋ ಎತ್ತುವ ಶಕ್ತಿ. ಹಳೆಯದಾದರೆ ತೊಟ್ಟು, ಪಟ್ಟಿ ಬಿಗಿದು, ಎದೆಯುದ್ದ ನೀರಿನಲ್ಲಿ ಮೊಣಕಾಲು ಮಡಚಿ: ಗದ್ದ ನೀರಿನ ಮೇಲಿದ್ದರೆ ಸರಿ, ಜಾಕೆಟ್ಟು ಕಿವಿಯವರೆಗೆ ಜಾರಿದರೆ ಕೆಳಗಿನ ಪಟ್ಟಿ ಸರಿಯಿಲ್ಲ. ಒತ್ತಿ ಚಪ್ಪಟೆಯಾದ ಫೋಮ್ ತೇಲಿಸುವುದಿಲ್ಲ. ಜಾಕೆಟ್ಟು ಇಲ್ಲದೆ ಹೋಗಲೇಬಾರದು. ಆದರೂ ಮುಚ್ಚಳ ಬಿಗಿದ ಎರಡು ಖಾಲಿ ಕ್ಯಾನು ಹರಿಗೋಲಿಗೆ ಕಟ್ಟಿದ್ದರೆ ಮಗುಚಿದಾಗ ಹಿಡಿಯಲು ಆಧಾರ.

ಗುಂಡಿಯಿರುವ ಅಂಗಿ, ಉಂಗುರ, ಕೈಗಡಿಯಾರ ಬೇಡ. ಬಿಡುವಾಗ ಬಲೆಯ ಕಣ್ಣು ಗುಂಡಿಗೆ ಸಿಕ್ಕಿ ಆಳನ್ನೇ ಎಳೆದೊಯ್ಯುತ್ತದೆ. ಲುಂಗಿಯೂ ಬೇಡ, ಗಮ್‌ಬೂಟಂತೂ ಬೇಡವೇ ಬೇಡ. ಬನಿಯನ್ನು, ಚಡ್ಡಿ, ತಲೆಗೆ ಟವೆಲ್ಲು. ಹೆಂಡದ ಬಾಟಲಿಯನ್ನು ದಂಡೆಗೆ ಬಂದ ಮೇಲೆ ತೆರೆಯಿರಿ.

ಬುತ್ತಿ ಮತ್ತು ಐಸು

ಕುಡಿಯುವ ನೀರು ಬೇಸಿಗೆಯಲ್ಲಿ ಆಳಿಗೆ 4 ಲೀಟರ್, ಚಳಿಗಾಲದಲ್ಲಿ ಅರ್ಧ ಸಾಕು. ಒಂದೇ ಕ್ಯಾನಿನಲ್ಲಿ ತುಂಬದೆ ಎರಡು ಮಾಡಿ. ಒಂದು ಲೀಟರಿಗೆ ಒಂದರಂತೆ ಓಆರ್‌ಎಸ್ ಪುಡಿ ಎರಡು ಪೊಟ್ಟಣ. ಬುತ್ತಿಗೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ, ಈರುಳ್ಳಿ. ಕೆಡುವುದಿಲ್ಲ, ಒಲೆ ಬೇಡ. ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ಮೆತ್ತಗಾಗುವುದಿಲ್ಲ. ಕೊಲ್ಹಾರದ ಗಟ್ಟಿ ಮೊಸರಿನ ಆಸೆಯಿದ್ದರೆ ಗಡಿಗೆಯನ್ನು ದಂಡೆಯಲ್ಲೇ ಬಿಟ್ಟು ಹೋಗಿ, ಬಂದ ಮೇಲೆ ಅದರ ರುಚಿ ಬೇರೆಯೇ.

ಐಸು ಬೇಸಿಗೆಯಲ್ಲಿ ಮೀನಿನಷ್ಟೇ ತೂಕ ಬೇಕು, ತಂಪಿನ ದಿನಗಳಲ್ಲಿ ಅರ್ಧ. ಮೇಲಿನ ಲೆಕ್ಕದಲ್ಲಿ 30 ಕಿಲೋ ಐಸಿಗೆ ಬೇಸಿಗೆಯಲ್ಲಿ 30 ಕಿಲೋ ಮೀನು ಮಾತ್ರ ತಾಜಾ ಉಳಿಯುತ್ತದೆ. ಅದಕ್ಕಿಂತ ಹೆಚ್ಚು ಸಿಗುವ ಜಾಗವಾದರೆ ಐಸು ಹೆಚ್ಚಿಸಿ, ಮೀನಿನ ಪಾಲಿನಿಂದ ಅಷ್ಟು ಕಳೆಯಿರಿ. ಗಡ್ಡೆ ಹಾಕಬೇಡಿ, ಕುಟ್ಟಿ ಪುಡಿ ಮಾಡಿ: ತಳಕ್ಕೆ ನಾಲ್ಕು ಬೆರಳು ಐಸು, ಅದರ ಮೇಲೆ ಮೀನು ಒಂದು ಸಾಲು, ಮತ್ತೆ ಐಸು, ಕೊನೆಗೆ ಮೇಲೆ ಐಸು, ಒದ್ದೆ ಗೋಣಿ. ಕರಗಿದ ನೀರು ಹೊರಹೋಗಲು ಪೆಟ್ಟಿಗೆಗೆ ತೂತಿರಲಿ. ರಕ್ತದ ನೀರಿನಲ್ಲಿ ನೆನೆದ ಕಾಟ್ಲಾ, ರೋಹು ಬೇಗ ಮೆತ್ತಗಾಗುತ್ತದೆ.

ಮೊಬೈಲನ್ನು ಎರಡು ಜಿಪ್ ಕವರಿನಲ್ಲಿ ಹಾಕಿ ಅಗಲ ಬಾಯಿಯ ಖಾಲಿ ಡಬ್ಬಿಯಲ್ಲಿಡಿ, ಬಿದ್ದರೂ ತೇಲುತ್ತದೆ. ಸೀಟಿ ಕೊರಳಲ್ಲಿರಲಿ, ಬ್ಯಾಗಿನಲ್ಲಲ್ಲ. ಮೂರು ಸಲ ಊದಿದರೆ ಸಹಾಯ ಬೇಕೆಂದು ಅರ್ಥ. ತಲೆಗೆ ಕಟ್ಟುವ ಬ್ಯಾಟರಿ, ಒಂದು ಮೀಟರ್ ಕೇಸರಿ ಬಟ್ಟೆ, ಗಾಯಕ್ಕೆ ಬ್ಯಾಂಡೇಜು, ಒಂದು ಥರ್ಮಾಸ್ ಬಿಸಿನೀರು. ಬಿಸಿನೀರು ಚಹಾಕ್ಕಷ್ಟೇ ಅಲ್ಲ: ಮುಳ್ಳುಮೀನು ಚುಚ್ಚಿದರೆ ಕೈ ತಡೆಯುವಷ್ಟು ಬಿಸಿಯ ನೀರಿನಲ್ಲಿ ಅರ್ಧ ತಾಸು ಅದ್ದಿದರೆ ನೋವು ಇಳಿಯುತ್ತದೆ.

ಹೊರಡುವಾಗ, ನೀರಿನ ಮೇಲೆ

ದಂಡೆಯಲ್ಲಿ ಒಬ್ಬರಿಗೆ ಹೇಳಿ ಹೊರಡಿ, ಸುಮ್ಮನೆ ‘ಹೋಗಿ ಬರ್ತೀವಿ’ ಎಂದಲ್ಲ: ಎಷ್ಟು ಮಂದಿ, ಯಾವ ಕಡೆ, ಎಷ್ಟಕ್ಕೆ ವಾಪಸ್ಸು, ಎಷ್ಟು ಹೊತ್ತಾದರೆ 112ಕ್ಕೆ ಫೋನು. 11ಕ್ಕೆ ಬರುತ್ತೇವೆ, 12ಕ್ಕೂ ಕಾಣದಿದ್ದರೆ ಫೋನು ಮಾಡಿ, ಹೀಗೆ. ಮನೆಯವರಿಗೆ ಹೆದರಿಕೆ ಆಗುತ್ತದೆಂದು ಇದನ್ನು ಬಿಡಬೇಡಿ.

ಹತ್ತುವಾಗ ಒಬ್ಬರು ಅಂಚು ಹಿಡಿದಿರಬೇಕು, ಇನ್ನೊಬ್ಬರು ಹರಿಗೋಲಿನ ನಡುವಿಗೆ ಕಾಲಿಟ್ಟು ತಕ್ಷಣ ಕೂರಬೇಕು. ಭಾರ ಎದುರುಬದುರು ಇರಲಿ. ಬಲೆ ಎಳೆಯುವವರು ಒಂದು ಅಂಚಿಗೆ ಬಂದರೆ ಹುಟ್ಟಿನವರು ಎದುರಿನ ಅಂಚಿಗೆ ಸರಿಯಬೇಕು. ಹೆಚ್ಚು ಹರಿಗೋಲು ಮಗುಚುವುದು ಬಲೆ ಸಿಕ್ಕಿಹಾಕಿಕೊಂಡಾಗ: ನಿಂತು, ಕಾಲು ಅಂಚಿಗೆ ಕೊಟ್ಟು, ಇಬ್ಬರೂ ಒಂದೇ ಕಡೆ ಜಗ್ಗುತ್ತಾರೆ, ಬೊಡ್ಡೆ ಬಿಟ್ಟುಕೊಟ್ಟ ಕ್ಷಣ ಹಿಂದಕ್ಕೆ ಬೀಳುತ್ತಾರೆ. ಕೂತೇ ಎಳೆಯಿರಿ. ಬರದಿದ್ದರೆ ಬಲೆಯನ್ನು ಸಡಿಲ ಬಿಟ್ಟು ಸುತ್ತು ಹಾಕಿ ಎದುರು ದಿಕ್ಕಿನಿಂದ ಎತ್ತಿ ನೋಡಿ. ಸಿಕ್ಕಿದ ದಾರಿಯಲ್ಲೇ ಬಿಡಿಸಿಕೊಳ್ಳುವುದುಂಟು. ಎರಡು ಸಲಕ್ಕೂ ಬರದಿದ್ದರೆ ಚೂರಿ.

ಕೃಷ್ಣೆಯಲ್ಲಿ, ಘಟಪ್ರಭೆ, ಮಲಪ್ರಭೆಯಲ್ಲಿ ಮೊಸಳೆಗಳಿವೆ. ಹರಿಗೋಲಿನ ಮೇಲೆ ಏರಿ ಬರುವುದಕ್ಕಿಂತ ದಂಡೆಯಲ್ಲೇ ಅವುಗಳ ಅಪಾಯ ಹೆಚ್ಚು: ಮುಸ್ಸಂಜೆ ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಮೀನು ತೊಳೆಯುವುದು, ಕರುಳನ್ನು ಇಳಿಯುವ ಜಾಗದಲ್ಲೇ ಎಸೆಯುವುದು. ದಿನವೂ ಅಲ್ಲೇ ಎಸೆದರೆ ಮೊಸಳೆಗೆ ಹೊತ್ತು ಗೊತ್ತಾಗುತ್ತದೆ. ಫೆಬ್ರುವರಿಯಿಂದ ಏಪ್ರಿಲ್ ಮೊಟ್ಟೆಯಿಡುವ ಕಾಲ, ಮರಳು ದಂಡೆಗೆ ಹತ್ತುವ ಮುನ್ನ ಹೊಟ್ಟೆ ಎಳೆದ ಗುರುತಿದೆಯೇ ನೋಡಿ. ಬಲೆಗೆ ಬಿದ್ದರೆ ಎಳೆಯಬೇಡಿ, ಬಲೆ ಕತ್ತರಿಸಿ ದೂರ ಸರಿಯಿರಿ, ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಕಾಯ್ದೆಯಡಿ ಅದಕ್ಕೆ ಪೂರ್ತಿ ರಕ್ಷಣೆಯಿದೆ.

ಮಗುಚಿದರೆ ಹರಿಗೋಲನ್ನು ಬಿಡಬೇಡಿ. ದಂಡೆ ಕಾಣುವಷ್ಟು ಹತ್ತಿರ ಇರುವುದಿಲ್ಲ, ಮತ್ತು ಹುಡುಕುವವರ ಕಣ್ಣಿಗೆ ತಲೆಗಿಂತ ಬೋರಲು ಬಿದ್ದ ಹರಿಗೋಲು ಬೇಗ ಬೀಳುತ್ತದೆ. ಬಲೆಯಿಂದ ದೂರದ ಕಡೆಗೆ ಸರಿದು, ಅಂಚು ಹಿಡಿದು, ಸೀಟಿ ಊದಿ. ನೀರಲ್ಲಿದ್ದವರನ್ನು ಒಳಗೆ ಎತ್ತಿಕೊಳ್ಳುವುದಾದರೆ ಇನ್ನೊಬ್ಬರು ಎದುರು ಅಂಚಿನಲ್ಲಿ ಕೂತು ಭಾರ ಕೊಡಬೇಕು. ನೀರಲ್ಲಿರುವವರು ಕಾಲು ಬಡಿದು ಮೈಯನ್ನು ನೀರಿನ ಮಟ್ಟಕ್ಕೆ ಮಲಗಿಸಿಕೊಂಡರೆ ಅರ್ಧ ಕೆಲಸ ಆದಂತೆ. ನೆಟ್ಟಗೆ ಜೋತುಬಿದ್ದವರನ್ನು ಎತ್ತಲು ಹೋದರೆ ಇಬ್ಬರೂ ನೀರಿಗೆ.

ದಂಡೆ ಮುಟ್ಟಿದ ಮೇಲೆ ಮೀನು ಇಳಿಸುವ ಮೊದಲು ದಂಡೆಯಲ್ಲಿ ಹೇಳಿ ಹೋದವರಿಗೆ ಒಂದು ಫೋನು ಮಾಡಿ, ಇಲ್ಲದಿದ್ದರೆ ಅವರು 112ಕ್ಕೆ ಮಾಡಿರುತ್ತಾರೆ. ಆಮೇಲೆ ಹಳದಿ ಗೆರೆ ಎಲ್ಲಿದೆ ನೋಡಿ, ತಳದಲ್ಲಿ ಎಷ್ಟು ಮೊಗೆ ನೀರು ಬಂತು ಎಣಿಸಿ. ಹೋದ ಸಲಕ್ಕಿಂತ ಹೆಚ್ಚಿದ್ದರೆ ಒಲೆಯಿಂದ ಒಂದು ಹಿಡಿ ಬೂದಿ ತನ್ನಿ.